ಬಿಂದುಮಾಧವರಾಯರ ಎಂ.ಎ. ಅರ್ಜಿ

ಧಾರವಾಡದ ಒಂದು ಹೈಸ್ಕೂಲಿನಲ್ಲಿ ಹದಿನಾರು ವರ್ಷ ಸಂಸ್ಕೃತ ಕಲಿಸಿದ ಬಿಂದುಮಾಧವರಾಯರಿಗೆ ೧೯೩೬ನೆಯ ಇಸವಿಯ ಜೂನ್ ತಿಂಗಳಲ್ಲಿ ದೊಡ್ಡ ಪೆಟ್ಟು ಬಿತ್ತು. ಸಾಲಿಗೆ ಹೊಸ ಹೆಡ್‌ಮಾಸ್ತರರು ಬಂದರು. ವಯಸ್ಸು ಇಪ್ಪತ್ತೊಂಬತ್ತು. ರಾಯರ ಕೈಯಲ್ಲೇ ವಿಭಕ್ತಿ ಕಲಿತ ಹುಡುಗ (ಏಳನೆಯದಕ್ಕೆ ಬಂದಾಗ ಪ್ರತಿ ಸಲ ತಪ್ಪುತ್ತಿದ್ದವ). ಆದರೆ ಅವನು ಎಂ.ಎ., ರಾಯರು ಬರೀ ಬಿ.ಎ. ಮೊದಲ ದಿನ ಅವನು ಕುರ್ಚಿಯಿಂದ ಎದ್ದು ನಿಂತು ಗುರುಗಳಿಗೆ ನಮಸ್ಕಾರ ಮಾಡಿದ. ರಾಯರಿಗೆ ಅದೇ ಹೆಚ್ಚು ನೋವಾಯಿತು.

ಸಂಜೆ ಮನೆಗೆ ಬಂದು ರುಮಾಲು ತೆಗೆದಿಟ್ಟು, “ನಾ ಎಂ.ಎ.ಕ್ಕ ಅರ್ಜಿ ಹಾಕಾಂವ ಇದ್ದೇನಿ,” ಅಂದರು.

ಹೆಂಡತಿ ಲಕ್ಷ್ಮೀಬಾಯಿ ಚವಳಿಕಾಯಿ ಸೋಸುತ್ತ ಕೂತಿದ್ದರು. “ನಲವತ್ತೆರಡನೇ ವಯಸ್ಸಿಗೆ?”

“ಸರಸ್ವತಿಗೆ ವಯಸ್ಸಿನ ಹಂಗಿಲ್ಲ.”

“ಸರಸ್ವತಿಗೆ ಇಲ್ಲರಿ, ನಿಮ್ಮ ನಡಕ್ಕ ಅದ. ನಿನ್ನಿ ಕೂತ್ರ ಏಳಲಿಕ್ಕೆ ಆಗವಲ್ದು ಅಂತಿದ್ರಿ.”

ಮರುದಿನದಿಂದ ನಸುಕಿನ ಐದರಿಂದ ಏಳರವರೆಗೆ ಅಧ್ಯಯನದ ಹೊತ್ತು ಎಂದು ಘೋಷಣೆಯಾಯಿತು. ತೊಂದರೆ ಒಂದೇ. ಅದೇ ಹೊತ್ತಿಗೆ ಲಕ್ಷ್ಮೀಬಾಯಿ ಪದ ಹಾಡುತ್ತ ಜೋಳ ಬೀಸುತ್ತಿದ್ದರು.

“ಬೀಸೂದು ಮಧ್ಯಾಹ್ನ ಇಟ್ಟುಕೋ. ಕಲ್ಲಿನ ಸಪ್ಪಳ, ಅದರ ಮ್ಯಾಲೆ ನಿನ್ನ ಪದ. ನನಗ ಒಂದು ವಾಕ್ಯ ಹೊಂದವಲ್ದು,” ಅಂದರು ರಾಯರು.

ಲಕ್ಷ್ಮೀಬಾಯಿ ಜೋಳದ ಬುಟ್ಟಿ ಎತ್ತಿಟ್ಟರು. ಹದಿನೆಂಟು ವರ್ಷ ಆ ಹೊತ್ತಿನಲ್ಲಿ ಹಾಡಿದ ಬಾಯಿ ಮುಚ್ಚಿತು. ಮಧ್ಯಾಹ್ನ, ಉಣಕಲ್ ಊರಿನಿಂದ ಬೆಣ್ಣೆ ತರುವ ಮಾಳವ್ವ ಬಂದಾಗ, ಇಬ್ಬರೂ ಕೂಡಿ ಬೀಸತೊಡಗಿದರು.

ರಾಯರು ಹಿಡಿದದ್ದು ಪ್ರಬಂಧ ಬರೆದು ಎಂ.ಎ. ಆಗುವ ದಾರಿ. ಮೊದಲು ಕಾಲೇಜಿನ ಪ್ರೊಫೆಸರರೊಬ್ಬರು ವಿಷಯವನ್ನು ಒಪ್ಪಬೇಕು, ಅರ್ಜಿಯ ಮೇಲೆ ತಮ್ಮ ಅಭಿಪ್ರಾಯ ಬರೆಯಬೇಕು, ಆಮೇಲೆ ಅದು ಮುಂಬಯಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಪ್ರೊಫೆಸರ್ ಸವಣೂರಕರರ ಮುಂದೆ ರಾಯರು ‘ಮಾಯೆಯ ಸ್ವರೂಪ’ವನ್ನು ಇಟ್ಟರು. ಅದರ ಮೇಲೆ ಆಗಲೇ ಹನ್ನೊಂದು ಮಂದಿ ಬರೆದಿದ್ದರು. ‘ಬ್ರಹ್ಮದ ಸ್ವರೂಪ’ಕ್ಕೆ ಹದಿನಾಲ್ಕು ಮಂದಿ.

“ಯಾರೂ ಮುಟ್ಟಲಾರದ್ದು ತರ್ರಿ, ರಾಯರ. ನಿಮ್ಮ ಸುತ್ತಮುತ್ತ ಇರೂದು,” ಅಂದರು ಸವಣೂರಕರರು. “ಅರ್ಜಿ ಕಳಸಲಿಕ್ಕೆ ಇನ್ನ ಹದಿನೈದ ದಿನ ಉಳದಾವು.”

ಆ ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ಬಂದ ರಾಯರು ಬಾಗಿಲಲ್ಲೇ ನಿಂತರು. ಒಳಗೆ ಕಲ್ಲು ತಿರುಗುತ್ತಿತ್ತು, ಪದ ನಡೆದಿತ್ತು. ಕೈಯಲ್ಲಿದ್ದ ಉತ್ತರಪತ್ರಿಕೆಗಳ ಬೆನ್ನಿಗೆ ಆರು ಪದ ಬರೆದುಕೊಂಡರು. ಹೆಂಡತಿಗೆ ಹೇಳಲಿಲ್ಲ. (ಹೇಳಿದರೆ ಅರ್ಥ ಕೇಳಬೇಕಾಗುತ್ತಿತ್ತು. ಸಂಸ್ಕೃತದ ಮಾಸ್ತರರು ಅಡಿಗೆಮನೆಯಲ್ಲಿ ಅರ್ಥ ಕೇಳುವುದು ಹೇಗೆ?) ಒಂದು ವಾರ ಕೂತು ‘ಬೀಸುವ ಪದಗಳಲ್ಲಿ ತತ್ತ್ವಚಿಂತನೆ’ ಎಂಬ ಅರ್ಜಿ ಸಿದ್ಧಮಾಡಿದರು.

ಸವಣೂರಕರರು ಅದನ್ನು ಎರಡು ಸಲ ಓದಿದರು. “ವಿಷಯ ಭಾಳ ಛಲೋ ಅದ. ‘ಮುಕ್ಕು ಮುಗಿಯೂತನಕ ತವರ ನೆನದೇನ’, ಇದರ ಅರ್ಥ ಹೇಳ್ರಿ.”

“ಮುಕ್ಕು ಅನ್ನೂದು ಮುಕ್ತಿ ಶಬ್ದದ ತದ್ಭವ. ತವರು ಅಂದ್ರ ಪರಮಾತ್ಮ. ಮುಕ್ತಿ ಸಿಗೂತನಕ ಜೀವ ಪರಮಾತ್ಮನ್ನ ನೆನಸತದ.”

ಪ್ರೊಫೆಸರರು ಕಣ್ಣಿನ ಚಾಳೀಸು ತೆಗೆದು ಬಹಳ ಹೊತ್ತು ಒರೆಸಿದರು. “ನಿಮ್ಮ ಮನ್ಯಾಗ ಬೀಸೋರು ಯಾರು?”

“ನಮ್ಮ ಮನಿಯವರು.”

“ಅವರನ್ನ ಕೇಳೀರೇನು?”

ರಾಯರು ಅರ್ಜಿಯ ಹಾಳೆಗಳನ್ನು ಮಡಚತೊಡಗಿದರು.

“ನಾಳಿ ರವಿವಾರ. ನಾನ ಬರತೇನಿ,” ಅಂದರು ಪ್ರೊಫೆಸರರು.

ಮನೆಯಲ್ಲಿ ಸುದ್ದಿ ಹೇಳಿದಾಗ ಲಕ್ಷ್ಮೀಬಾಯಿ ಕೇಳಿದ್ದು ಒಂದೇ ಮಾತು. “ನನ್ನ ಪದ, ನನ್ನ ಕೇಳಲಾರದ ಬರದೀರಿ?”

“ಬರದೆ.”

ಆ ದಿನ ಊಟಕ್ಕೆ ಎರಡನೆಯ ಸಲ ಅನ್ನ ಬೇಕೇ ಎಂದು ಯಾರೂ ಕೇಳಲಿಲ್ಲ. ಕೈ ತೊಳೆದು ಬಂದು ರಾಯರೇ ಮೆಲ್ಲಗೆ, “ಮುಕ್ಕು ಅಂದ್ರ ಏನ?” ಅಂದರು.

“ನಾಳಿ ಅವರಿಗೇ ಹೇಳತೇನಿ.”

ರವಿವಾರ ಸವಣೂರಕರರು ಪಡಸಾಲೆಯಲ್ಲಿ ಕೂತು ಕೇಳಿದರು. ಲಕ್ಷ್ಮೀಬಾಯಿ ಅಡಿಗೆಮನೆಯ ಬಾಗಿಲ ಮರೆಯಿಂದಲೇ ಹೇಳಿದರು. “ಮುಕ್ಕು ಅಂದ್ರ ಕಲ್ಲಿನ ಬಾಯಿಗೆ ಹಾಕೂ ಒಂದು ಹಿಡಿ ಕಾಳ್ರಿ. ಅದು ಮುಗಿಯೂತನಕ ತವರು ನೆನಸೂದು. ಆಮ್ಯಾಲೆ ಎಲ್ಲಿ ಪುರಸೊತ್ತು? ಒಲಿ ಮುಂದ ಹೋಗಬೇಕಲ್ಲರಿ.”

ಪ್ರೊಫೆಸರರ ಪೆನ್ನು ನಿಂತಿತು. ಹದಿನೆಂಟು ವರ್ಷ ದಿನಾ ನಸುಕಿನಲ್ಲಿ ತಮ್ಮ ಹೆಂಡತಿ ತವರಿಗೆ ಹೋಗಿ ಬರುತ್ತಿದ್ದಳೆಂಬುದು ರಾಯರಿಗೆ ಆಗ ಗೊತ್ತಾಯಿತು. ಆ ದಾರಿಯನ್ನು ಮುಚ್ಚಿದವರು ತಾವೇ.

“ಎಲ್ಲಾ ಹಾಡ್ರಿ ತಾಯಿ, ಬರಕೋತೇನಿ,” ಅಂದರು ಸವಣೂರಕರರು.

“ಕಲ್ಲು ತಿರುಗಲಾರದ ಪದ ಬರೂದಿಲ್ಲರಿ. ನೀವು ಬರಕೊಳ್ಳೂ ಹಂಗ ನಿಂದ್ರಿಸಿ ನಿಂದ್ರಿಸಿ ಹಾಡಬೇಕಂದ್ರ ಇನ್ನೊಬ್ಬರು ತಿರುವಬೇಕು. ಮಾಳವ್ವ ಇವತ್ತ ಬಂದಿಲ್ಲ.”

ಪ್ರೊಫೆಸರರು ರಾಯರ ಕಡೆ ನೋಡಿದರು. ಹೊಸ್ತಿಲಿಗೆ ಬಂದು ನಿಂತಿದ್ದ ಲಕ್ಷ್ಮೀಬಾಯಿಯೂ ನೋಡಿದರು.

ರಾಯರು ಧೋತರ ಮೇಲೆ ಕಟ್ಟಿ ಕಲ್ಲಿನ ಮುಂದೆ ಕೂತರು. “ಉಲ್ಟಾ ತಿರುವಲಿಕ್ಕತ್ತೀರಿ,” ಎಂಬ ಮಾತು ಎರಡು ಸಲ ಬಂತು. ಕಿಟಕಿಯಲ್ಲಿ ನೆರೆಮನೆಯವರ ಮುಖಗಳು ಕಂಡವು. ಎರಡು ತಾಸು ಪದ ನಡೆಯಿತು, ಎರಡು ತಾಸು ಕಲ್ಲೂ ನಡೆಯಿತು. ಕಡೆಗೆ ರಾಯರು ಗುಳ್ಳೆ ಎದ್ದ ಕೈಯಿಂದ ಅರ್ಜಿಗೆ ಸಹಿ ಮಾಡಿದರು. ಸವಣೂರಕರರು ಕೆಳಗೆ ಗಂಭೀರವಾಗಿ ಬರೆದರು: ‘ಅರ್ಜಿದಾರರಿಗೆ ವಿಷಯದ ಪ್ರತ್ಯಕ್ಷ ಅನುಭವವಿದೆ.’

ಮುಂದಿನ ತಿಂಗಳು ಮುಂಬಯಿಯಿಂದ ಒಪ್ಪಿಗೆ ಬಂತು. ಜೊತೆಗೆ ಪ್ರೊಫೆಸರರ ಚೀಟಿ. ರಾಯರು ಹೆಂಡತಿಗೆ ದೊಡ್ಡದಾಗಿ ಓದಿ ಹೇಳಿದರು: “ತಮಗೆ ಪ್ರವೇಶ ಸಿಕ್ಕಿದೆ. ಪ್ರತಿ ಗುರುವಾರ ನಾಲ್ಕು ಗಂಟೆಗೆ ಮನೆಯವರನ್ನು ಕರೆದುಕೊಂಡು ಬರಬೇಕು. ಅವರಿಗೆ ಅನುಕೂಲವಿಲ್ಲದ ದಿನ ತಾವೊಬ್ಬರೇ ಬರುವ ತೊಂದರೆ ತೆಗೆದುಕೊಳ್ಳಬಾರದು.”

“ಕಡೀ ಸಾಲು ಇನ್ನೊಮ್ಮೆ ಓದ್ರಿ,” ಅಂದರು ಲಕ್ಷ್ಮೀಬಾಯಿ.

ರಾಯರು ಓದಿದರು.

“ಗುರುವಾರ ನನಗಾಗೂದಿಲ್ಲ. ಶುಕ್ರವಾರ ಮಾಡ್ರಿ ಅಂತ ಬರೀರಿ.”

ರಾಯರು ಹೊಸ ಕಾಗದ ತೆಗೆದುಕೊಂಡು ಇನ್ನೊಂದು ಅರ್ಜಿ ಬರೆಯಲು ಕೂತರು.