ಎಪ್ಪತ್ತೊಂದು ಕಿಲೋ ತೋರಿಸಿದ ತೂಕದ ಯಂತ್ರಕ್ಕೆ

ಮಾನ್ಯ ತೂಕದ ಯಂತ್ರದವರೇ,

ಮುಯ್ ಥಾಯ್ ಎಂಬ ಒದೆಯಾಟ ಕಲಿಸುವ ನಮ್ಮ ಬೀದಿಯ ಜಿಮ್ಮಿನ ಬಾಗಿಲಲ್ಲಿ, ಚಪ್ಪಲಿಗಳ ಸಾಲಿಗೂ ನೀರಿನ ಕ್ಯಾನಿಗೂ ನಡುವೆ ವಿನಯದಿಂದ ನೆಲ ಹಿಡಿದು ಕುಳಿತು, ಬಂದವರೆಲ್ಲರ ಪಾದಗಳನ್ನು ತಲೆಯ ಮೇಲೆ ಹೊರುವ ತಮಗೆ ಅನಂತ ವಂದನೆಗಳು.

ತಾವು ಹುಟ್ಟಿದಾರಭ್ಯ ಸುಳ್ಳು ಹೇಳಿದವರಲ್ಲ ಎಂಬ ಕಥೆಯನ್ನು ನನಗೆ ಮೊದಲು ಹೇಳಿದವನು ನಮ್ಮ ಕ್ಷೌರಿಕ. ಹೇಳಿದ್ದು ಹೋದ ತಿಂಗಳ ಮೊದಲ ಭಾನುವಾರ, ನನ್ನ ಗಲ್ಲದ ಕೆಳಗೆ ಹೊಸದಾಗಿ ಬಂದು ನೆಲೆಸಿದ್ದ ಇನ್ನೊಂದು ಗಲ್ಲವನ್ನು ಕತ್ತಿಯಿಂದ ಸವರುತ್ತಾ. "ಆ ಜಿಮ್ಮಿಗೆ ಹೋಗಿ ಒದೆಯೋದು ಕಲೀರಿ ಸಾರ್, ಇದು ತಾನಾಗೇ ಜಾಗ ಖಾಲಿ ಮಾಡುತ್ತೆ" ಎಂದ. ಕನ್ನಡಕದ ಅಂಗಡಿಯ ಸ್ಟೂಲಿನ ಮೇಲೆ ಹದಿನೆಂಟು ವರ್ಷ ಕೂತು ಬೆಳೆಸಿದ ದೇಹವನ್ನು ಮರುದಿನವೇ ತಂದು ತಮ್ಮ ಮೇಲೆ ನಿಲ್ಲಿಸಿದೆ. ತಾವು ಎಪ್ಪತ್ತೊಂದು ಎಂದಿರಿ.

ಸಮತೂಕದವರನ್ನು ಜೋಡಿ ಮಾಡುವುದು ಅಲ್ಲಿನ ಮೇಷ್ಟ್ರ ನಿಯಮ. ಒಬ್ಬರು ದಪ್ಪ ಮೆತ್ತೆ ಹಿಡಿದು ಯಾವ ಏಟು ಎಂದು ಕೂಗಬೇಕು, ಇನ್ನೊಬ್ಬರು ಒದೆಯಬೇಕು, ಆಮೇಲೆ ಅದಲುಬದಲು. ಆ ಇಡೀ ಜಿಮ್ಮಿನಲ್ಲಿ ಎಪ್ಪತ್ತೊಂದು ಕಿಲೋ ತೂಗುತ್ತಿದ್ದ ಮತ್ತೊಂದೇ ಜೀವವೆಂದರೆ, ವಾಕಿಂಗ್ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿ ಮೂರು ತಿಂಗಳಿಂದ ಅಲ್ಲಿಗೆ ಬರುತ್ತಿದ್ದ ನನ್ನ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ.

ಮಾನ್ಯರೇ, ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರಿಗೆ ಆರು ವರ್ಷಗಳಿಂದ ನೇರ ಮಾತಿರಲಿಲ್ಲ. ಅವರು ನಲವತ್ತು ವರ್ಷ ತುಳಿದು ದುಡಿದ ಹೊಲಿಗೆ ಯಂತ್ರವನ್ನು, ಮನೆ ಬದಲಿಸುವಾಗ ಜಾಗವಿಲ್ಲವೆಂದು, ನಾನು ಒಂದು ಮಾತೂ ಕೇಳದೆ ಗುಜರಿಗೆ ಹಾಕಿದ್ದೆ. ಅಂದಿನಿಂದ ಊಟದ ಮೇಜಿನಲ್ಲಿ ಮೊಳದ ದೂರದಲ್ಲಿ ಕೂತಿದ್ದರೂ "ಅವರಿಗೆ ಇನ್ನೊಂಚೂರು ಬೇಕಾ ಕೇಳೇ" ಎಂದು ಅವರ ಮಗಳ, ಅಂದರೆ ನನ್ನ ಹೆಂಡತಿಯ ಮೂಲಕವೇ ವಿಚಾರಣೆ, "ಸಾಕಂತೆ ಹೇಳು" ಎಂದು ನನ್ನ ಉತ್ತರವೂ ಅದೇ ಅಂಚೆಯಲ್ಲಿ. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಲ್ಲಿ ಬಿಸಿತುಪ್ಪವಾಗಿ, ನುಂಗಲೂ ಆಗದೆ ಉಗುಳಲೂ ಆಗದೆ ಉಳಿದುಬಿಟ್ಟಿತ್ತು.

ತಮ್ಮ ಒಂದು ಅಂಕೆಯಿಂದ ಆ ಅಂಚೆ ಕಚೇರಿ ಮುಚ್ಚಿತು. "ಕೈ ಇಳಿಸ್ಬೇಡಿ ಅಳಿಯಂದ್ರೇ! ಕಾಲೆತ್ತಿ ಅಂದ್ರೆ ತುಕ್ಕು ಹಿಡಿದ ಶಟರ್ ಥರ ಕಿರುಗುಟ್ಟುತ್ತೀರಲ್ಲ!" ಎಂದು ಅವರು ನಾಲ್ಕು ಜನರ ಮುಂದೆ ನನ್ನನ್ನು ಸನ್ಮಾನಿಸುವಂತಾಯಿತು. ಹಿರಿಯರನ್ನು ಒದೆಯುವುದು ಹೇಗೆಂದು ನಾನು ಮೆತ್ತೆಗೆ ಕಾಲು ಸೋಕಿಸಿ "ಕ್ಷಮಿಸಿ ಅತ್ತೆ" ಎಂದೆ. ಅಲ್ಲಿ ಕ್ಷಮೆ ಕೇಳಿದವರಿಗೆ ಹತ್ತು ಬಸ್ಕಿ ದಂಡವಂತೆ. ಮೊದಲ ವಾರವೇ ನೂರ ನಲವತ್ತು ಬಸ್ಕಿ ಹೊಡೆದೆ. ಕೇಳಬೇಕಾದ ಕ್ಷಮೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳಿದೆ.

ಇನ್ನು ಅವರ ಒದೆತ. ಹೊಲಿಗೆ ಯಂತ್ರ ತುಳಿದು ಮಾಗಿದ ಕಾಲು ಅದು. ಗುರುವಾರ ಮೂರು ಒದ್ದರು: "ಇದು ಯಂತ್ರಕ್ಕೆ. ಇದು ಅದರ ಪೆಟ್ಟಿಗೆಗೆ. ಇದು ಡ್ರಾಯರಲ್ಲಿದ್ದ ಗುಂಡಿ ಡಬ್ಬಿಗೆ." ಮೆತ್ತೆ ಹಿಡಿದಿದ್ದ ನಾನು ಮೂರನೆಯದಕ್ಕೆ ನೀರಿನ ಕ್ಯಾನಿನ ಪಕ್ಕ, ತಮ್ಮ ಸನ್ನಿಧಿಯಲ್ಲೇ ಬಂದು ಕೂತದ್ದಕ್ಕೆ ತಾವೇ ಸಾಕ್ಷಿ.

ನಮ್ಮ ಜೊತೆ ಕಲಿಯುವ ಟೈರ್ ಅಂಗಡಿಯ ಅಣ್ಣತಮ್ಮಂದಿರನ್ನು ನೋಡಿದರೆ ನನಗೆ ಹೊಟ್ಟೆಯುರಿ. ಅವರಿಗೂ ವರ್ಷದಿಂದ ಮಾತಿಲ್ಲ. ಆದರೆ ತಾವು ದಯೆಯಿಟ್ಟು ಅಣ್ಣನಿಗೆ ಎರಡು ಕಿಲೋ ಕಡಿಮೆ ಕರುಣಿಸಿರುವುದರಿಂದ ಇಬ್ಬರೂ ಒಂದೊಂದು ಮೂಲೆಯಲ್ಲಿ ನೆಮ್ಮದಿಯಾಗಿದ್ದಾರೆ. ಆದ್ದರಿಂದ ನನ್ನ ಬಿನ್ನಹವಿಷ್ಟೇ: ನನಗೂ ಎರಡು ಕಿಲೋ ಇಳಿಸಿ ತೋರಿಸಿ, ಅದಾಗದಿದ್ದರೆ ಅತ್ತೆಯವರಿಗೆ ಏರಿಸಿ (ಆ ಅಂಕೆಯನ್ನು ಅವರಿಗೆ ಓದಿ ಹೇಳುವ ಹೊಣೆ ತಮ್ಮದೇ), ಎರಡೂ ಆಗದಿದ್ದರೆ, ನನಗೆ ಬಾಯಿ ಬಿಡುವಷ್ಟು ಧೈರ್ಯ ಬರುವವರೆಗೆ ಕೆಟ್ಟು ಕೂತಿರಿ.

ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ತಮ್ಮ ಬೆನ್ನಿಗೆ ಅಂಟಿಸಿದ್ದ ಈ ಪತ್ರವನ್ನು ನಿನ್ನೆ ಮೇಷ್ಟ್ರು ಕಂಡು, ಎಲ್ಲರನ್ನೂ ಕೂರಿಸಿಕೊಂಡು, ಅತ್ತೆಯವರ ಎದುರಿಗೇ ಗಟ್ಟಿಯಾಗಿ ಓದಿದರು. ಓಡಿಹೋಗೋಣವೆಂದರೆ ಬಸ್ಕಿ ಹೊಡೆದು ಕಾಲು ಹಿಡಿದುಕೊಂಡಿತ್ತು. "ಅತ್ತೆ, ಆ ಯಂತ್ರದ್ದು... ನಿಮ್ಮನ್ನ ಕೇಳ್ಬೇಕಿತ್ತು. ತಪ್ಪಾಯ್ತು" ಎಂದೆ. ಮೇಷ್ಟ್ರು ಹತ್ತು ಎಂದು ಬೆರಳು ತೋರಿಸಿದರು. "ಮೂವತ್ತು ಹೊಡೆಸಿ ಮೇಷ್ಟ್ರೇ, ಪೆಟ್ಟಿಗೆ, ಡಬ್ಬಿ ಎರಡೂ ಹೋಗಿವೆ" ಎಂದ ಅತ್ತೆ ಮೂವತ್ತನ್ನೂ ತಾವೇ ಎಣಿಸಿದರು.

ಇವತ್ತು ಬೆಳಿಗ್ಗೆ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, "ತಿನ್ನಿ, ತೂಕ ಇಳಿದ್ರೆ ನಂಗೆ ಜೊತೆ ಯಾರು?" ಎಂದು ನನ್ನ ಮುಖ ನೋಡಿಯೇ ಕೇಳಿದರು. ಅಂಚೆಯ ಕೆಲಸ ಕಳೆದುಕೊಂಡ ನನ್ನ ಹೆಂಡತಿ ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡುತ್ತಾ ನಿಂತಿದ್ದಳು. ಜಿಮ್ಮಿಗೆ ಬಂದರೆ ತಾವು ಟೈರ್ ಅಂಗಡಿಯ ಅಣ್ಣನನ್ನು ಹೊತ್ತಿದ್ದಿರಿ, ಅವನ ತಮ್ಮ ಬಗ್ಗಿ ಅಂಕೆ ಓದುತ್ತಿದ್ದ: ಈಗ ಇಬ್ಬರದೂ ಒಂದೇ ತೂಕ. ಅಣ್ಣನ ಎರಡೂ ಜೇಬುಗಳಲ್ಲಿ ಎರಡು ಕಿಲೋದಷ್ಟು ಸ್ಪಾನರುಗಳಿದ್ದವು. ಅದು ತಮಗೂ ತಿಳಿದಿತ್ತು, ಆದರೂ ಬಾಯಿ ಬಿಡಲಿಲ್ಲ. ಇನ್ನು ಮೇಲೆ ತಮ್ಮ ಸತ್ಯಸಂಧತೆಯ ಕಥೆಯನ್ನು ಕ್ಷೌರಿಕನ ಮುಂದೆ ಎತ್ತದಿರುವುದು ತಮ್ಮ ಮಾನಕ್ಕೆ ಒಳ್ಳೆಯದು.