ನನ್ನ ಹತ್ತೊಂಬತ್ತನೆಯ ಮಹಡಿ

ದೆಹಲಿಯಲ್ಲಿ ಹದಿನಾಲ್ಕು ವರ್ಷ ಕಳೆದ ಮೇಲೆ ಮನುಷ್ಯರಿಗೆ ಒಂದು ಬಗೆಯ ಧೈರ್ಯ ಬಂದುಬಿಡುತ್ತದೆ. ಮೆಟ್ರೋ ಎಲ್ಲಿ ಬದಲಿಸಬೇಕು, ಆಟೋದವನ ಜೊತೆ ಎಷ್ಟು ಹೊತ್ತು ಚೌಕಾಸಿ ಮಾಡಬೇಕು, ಯಾವ ಕಚೇರಿಯಲ್ಲಿ ಯಾರಿಗೆ ಮೊದಲು ನಮಸ್ತೆ ಹೇಳಬೇಕು, ಎಲ್ಲ ಗೊತ್ತು ಎನ್ನುವ ಧೈರ್ಯ. ಆ ಧೈರ್ಯದ ಮೇಲೆಯೇ ನಾನು ಹದಿನೆಂಟು ಮಹಡಿಯ ಒಂದು ಕಟ್ಟಡವನ್ನು ಊರಿನ ಇನ್ನೊಂದು ತುದಿಯ ಮುನಿರ್ಕಾದಿಂದ ಹೊತ್ತು ತರುತ್ತೇನೆಂದು ಒಪ್ಪಿಕೊಂಡೆ.

ಕಟ್ಟಡವೆಂದರೆ ಅದರ ಮಾದರಿ. ನಾನು ಕೆಲಸ ಮಾಡುತ್ತಿದ್ದುದು ಕನಾಟ್ ಪ್ಲೇಸಿನ ಹತ್ತಿರ, ಭಾಟಿಯಾ ಸಾಹೇಬರೆಂಬ ಹಿರಿಯ ಆರ್ಕಿಟೆಕ್ಟರ ಚಿಕ್ಕ ಆಫೀಸಿನಲ್ಲಿ. ನಾನು ಆರ್ಕಿಟೆಕ್ಟ್ ಅಲ್ಲ. ಪತ್ರ ಟೈಪು ಮಾಡುವುದು, ಫೈಲು ಜೋಡಿಸುವುದು, ನಕ್ಷೆಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದು ನನ್ನ ಕೆಲಸ. ಸಾಹೇಬರಿಗೆ ಎಪ್ಪತ್ತು ದಾಟಿತ್ತು. ಜೀವಮಾನವಿಡೀ ಅವರು ಶಾಲೆಗಳ ಕಾಂಪೌಂಡು, ಬ್ಯಾಂಕಿನ ಶಾಖೆ, ಯಾರದೋ ಮನೆಯ ಮೆಟ್ಟಿಲು ಇವನ್ನೇ ಬರೆದುಕೊಂಡು ಬಂದಿದ್ದರು. ಕೊನೆಗೊಮ್ಮೆ, ನಗರದ ನಡುಮಧ್ಯೆ ಜಾಗವಿದ್ದ ಅಣ್ಣತಮ್ಮಂದಿರಿಬ್ಬರು ಬಂದು, ನಮಗೊಂದು ಆಫೀಸ್ ಟವರ್ ಮಾಡಿಕೊಡಿ ಎಂದು ಕೇಳಿದರು. ಇದು ತಮ್ಮ ಮೊದಲನೆಯ ಎತ್ತರದ ಕಟ್ಟಡ, ಬಹುಶಃ ಕೊನೆಯದೂ ಎಂದು ಸಾಹೇಬರಿಗೆ ಗೊತ್ತಿತ್ತು.

ಮೊದಲು ಬರೆದದ್ದು ಇಪ್ಪತ್ತೆರಡು ಮಹಡಿ. ಒಪ್ಪಿಗೆ ಕೊಡಬೇಕಾದ ಸಮಿತಿ ಎತ್ತರ ಜಾಸ್ತಿಯಾಯಿತು ಎಂದಿತು. ಇಪ್ಪತ್ತೊಂದಾಯಿತು, ಇಪ್ಪತ್ತಾಯಿತು. ಒಂದೊಂದು ಮಹಡಿ ಕಡಿಮೆಯಾದಾಗಲೂ ಸಾಹೇಬರು ಎರಡು ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಹದಿನೆಂಟಕ್ಕೆ ಬಂದಾಗ ಸಮಿತಿ ಸ್ವಲ್ಪ ಮೆತ್ತಗಾಗಿ, ಮುಂದಿನ ಸೋಮವಾರ ಒಂದು ಮಾದರಿ ತಂದು ತೋರಿಸಿ, ತೀರ್ಮಾನ ಮಾಡೋಣ ಎಂದು ಹೇಳಿತು.

ಮಾದರಿ ಮಾಡಿದವರು ಮುನಿರ್ಕಾದ ಒಂದು ಗಲ್ಲಿಯ ಕುಶಲಕರ್ಮಿ. ಭಾನುವಾರ ತಂದಿಟ್ಟುಕೊಳ್ಳಬೇಕು. ಸಾಹೇಬರು ಕಾರು ಕಳಿಸುತ್ತೇನೆ ಎಂದರು. ಪಾಪ, ಡ್ರೈವರಿನ ರಜೆ ಯಾಕೆ ಹಾಳಾಗಬೇಕು, ಮೆಟ್ರೋ ಇದೆಯಲ್ಲ, ಯಮುನೆಯಾಚೆ ಮಯೂರ್ ವಿಹಾರಿನ ನಮ್ಮ ಮನೆಯಲ್ಲಿಟ್ಟುಕೊಂಡು ಸೋಮವಾರ ನೇರವಾಗಿ ಸಭೆಗೆ ತರುತ್ತೇನೆ, ನೀವು ನಿಶ್ಚಿಂತೆಯಿಂದಿರಿ ಎಂದೆ. ಅವರು ನಿಶ್ಚಿಂತೆಯಿಂದಿದ್ದರು.

ಮಾದರಿ ನನ್ನ ಸೊಂಟದಷ್ಟು ಎತ್ತರವಿತ್ತು. ಒಂದೊಂದು ಮಹಡಿಗೂ ಒಂದೊಂದು ಬಿಳಿ ತಟ್ಟೆ, ನಡುವೆ ಗಾಜಿನಂಥ ತೆಳು ಪ್ಲಾಸ್ಟಿಕ್. ಓರೆ ಮಾಡಬೇಡಿ, ಒತ್ತಬೇಡಿ, ಅಂಟು ಇನ್ನೂ ಹಸಿ ಇದೆ ಎಂದು ಅವರು ಹೇಳಿದರು. ಒಂದು ಮಗು ಹೆತ್ತು ಸಾಕಿದವಳ ಗತ್ತಿನಲ್ಲಿ ನಾನು ತಲೆಯಾಡಿಸಿದೆ.

ಮೆಟ್ರೋ ಸ್ಟೇಷನ್ನಿನಲ್ಲಿ ಸಾಮಾನು ತಪಾಸಣೆಯ ಯಂತ್ರದ ಬಾಯಿಗೆ ಅದು ಹಿಡಿಸಲಿಲ್ಲ. ಇದೇನು ಎಂದು ಕಾವಲಿನವರು ಕೇಳಿದರು. ಬಿಲ್ಡಿಂಗ್ ಎಂದೆ. ಬಿಲ್ಡಿಂಗನ್ನು ಮೆಟ್ರೋದಲ್ಲಿ ಬಿಡುವುದಿಲ್ಲ ಎಂದು ಅವರು ಬಹಳ ಗಂಭೀರವಾಗಿ ಹೇಳಿದರು. ಸರಿ, ಆಟೋ ಹಿಡಿದೆ.

ಆಟೋದ ಭಯ್ಯಾ ಒಳ್ಳೆಯವನು. ನಿಧಾನವಾಗಿಯೇ ಓಡಿಸಿದ. ಯಮುನೆಯನ್ನೂ ದಾಟಿದೆವು. ಇನ್ನೇನು ಮನೆ ಬಂತು ಎನ್ನುವಾಗ ಸ್ಕೂಟರೊಂದು ಅಡ್ಡ ಬಂತು, ಅವನು ಬ್ರೇಕ್ ಹಾಕಿದ. ತೊಡೆಯ ಮೇಲಿದ್ದ ಟವರನ್ನು ಉಳಿಸಿಕೊಳ್ಳಬೇಕೆಂದು ನಾನು ಗಟ್ಟಿಯಾಗಿ ಅಪ್ಪಿಕೊಂಡೆ. ಬ್ರೇಕಿನಿಂದ ಅದಕ್ಕೆ ಏನೂ ಆಗಿರಲಿಲ್ಲ. ಅಪ್ಪುಗೆಯಿಂದ ಆಯಿತು!

ನನ್ನ ಯಜಮಾನರು ಮೋಹನ್ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಸಿಸ್ಟೆಂಟ್. ಮಗಳ ಶಾಲೆಯ ಪ್ರಾಜೆಕ್ಟುಗಳನ್ನೆಲ್ಲ ಎಂಟನೇ ಕ್ಲಾಸಿನವರೆಗೂ ತಾವೇ ಮಾಡಿ, ತಾವೇ 'ವೆರಿ ಗುಡ್' ತೆಗೆದುಕೊಂಡವರು. ಸೆರಗಿನಲ್ಲಿ ತಟ್ಟೆಗಳನ್ನು ಕಟ್ಟಿಕೊಂಡು ಬಂದ ನನ್ನನ್ನು ನೋಡಿ ಅವರು ಗಾಬರಿಯಾಗಲಿಲ್ಲ. ತಟ್ಟೆಗಳು ಚೆನ್ನಾಗಿಯೇ ಇವೆ, ಅಂಟು ಬಿಟ್ಟಿದೆ ಅಷ್ಟೇ ಎಂದರು. ಆದರೂ ಮಾಡಿದವರಿಗೋ ನಿಮ್ಮ ಸಾಹೇಬರಿಗೋ ಒಂದು ಫೋನ್ ಮಾಡಿಬಿಡು ಎಂದೂ ಹೇಳಿದರು. ಸಾಹೇಬರಿಗೆ ಬಿ.ಪಿ. ಇದೆ, ಸುಮ್ಮನೆ ಯಾಕೆ ಎಂದೆ. ಏರಿದ್ದು ನನ್ನ ಬಿ.ಪಿ. ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಆ ಹೊತ್ತಿನಲ್ಲಿ ನನಗಿರಲಿಲ್ಲ.

ಪೀಠಕ್ಕೆ ಅಂಟಿಕೊಂಡಿದ್ದ ಒಂದು ತಟ್ಟೆ ಮಾತ್ರ ಅಲುಗಾಡಿರಲಿಲ್ಲ. ಉಳಿದವನ್ನು ಊಟದ ಮೇಜಿನ ಮೇಲೆ ಹರಡಿ ಎಣಿಸಿದೆವು. ಹದಿನೇಳು.

"ಒಂದು ಆಟೋದಲ್ಲೇ ಬಿದ್ದುಹೋಗಿದೆ," ಎಂದೆ.

"ಕೆಳಗೆ ಅಂಟಿರೋದನ್ನ ಲೆಕ್ಕಕ್ಕೆ ಹಿಡಿದೆಯಾ?" ಎಂದು ಅವರು ಕೇಳಿದರು.

"ಅದು ನೆಲದ್ದು ರೀ. ಮಹಡಿ ಅಂದ್ರೆ ಅದರ ಮೇಲಿಂದು. ಹದಿನೆಂಟು ಮಹಡಿ ಅಂತ ನಾನೇ ಎಷ್ಟು ಪತ್ರ ಟೈಪ್ ಮಾಡಿದೀನಿ."

ಅವರು ನನ್ನ ಮುಖ ನೋಡಿದರು. ಹದಿನಾಲ್ಕು ವರ್ಷ ಕಟ್ಟಡದ ಆಫೀಸಿನಲ್ಲಿ ದುಡಿದವಳು ನಾನು. ಕತ್ತರಿ ತೆಗೆದುಕೊಂಡರು. ಮಗಳ ಹಳೆಯ ಪ್ರಾಜೆಕ್ಟಿನ ಬಿಳಿ ಬೋರ್ಡು ಮಂಚದ ಕೆಳಗಿತ್ತು. ಅದನ್ನು ಅಳತೆ ಹಿಡಿದು ಕತ್ತರಿಸಿ, ಅಂಚು ಉಜ್ಜಿ, ಹೊಸದೊಂದು ತಟ್ಟೆ ಮಾಡಿದರು. ಸಂಜೆಯ ಕಾಫಿಯ ಹೊತ್ತಿಗೆ ಟವರ್ ಎದ್ದು ನಿಂತಿತ್ತು. ಯಾವುದು ಹೊಸದು, ಯಾವುದು ಹಳೆಯದು ಎಂದು ನನಗೇ ಗೊತ್ತಾಗಲಿಲ್ಲ. ಅವರ ಕೈಕೆಲಸ ಸ್ವಲ್ಪ ಒರಟಾಗಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮವಾರ ಬಾಡಿಗೆ ಕಾರಿನಲ್ಲಿ ಮೋಹನ್ ಒಂದು ಕಡೆ, ನಾನು ಒಂದು ಕಡೆ ಹಿಡಿದು ಅದನ್ನು ಸಭೆಗೆ ಮುಟ್ಟಿಸಿದೆವು. ಸಾಹೇಬರು ಮಗನ ಮದುವೆಯಲ್ಲಿ ಹಾಕಿದ್ದ ನೀಲಿ ಸೂಟು ತೊಟ್ಟು ಬಂದಿದ್ದರು. ಮಾದರಿಯನ್ನು ನೋಡಿ, ಅದರ ಸುತ್ತ ಒಂದು ಸುತ್ತು ಬಂದು, ನನ್ನ ಕಡೆ ತಿರುಗಿ ಶಾಬಾಶ್ ಎಂದರು.

ಅಂದು ಅವರು ಚೆನ್ನಾಗಿ ಮಾತಾಡಿದರು. ಗಾಳಿ ಎಲ್ಲಿಂದ ಬರುತ್ತದೆ, ಮಧ್ಯಾಹ್ನದ ಬಿಸಿಲನ್ನು ಕಟ್ಟಡ ಹೇಗೆ ತಡೆಯುತ್ತದೆ, ಕೆಳಗೆ ಬೀದಿಯ ಜನ ಕೂರಲು ಎಲ್ಲಿ ಕಟ್ಟೆ ಇದೆ ಎಂದೆಲ್ಲ ವಿವರಿಸಿದರು. ಸಮಿತಿಯವರು ತಲೆದೂಗಿದರು. ಅಧ್ಯಕ್ಷರು ಬಿಳಿಗೂದಲಿನ ಒಬ್ಬ ಮೇಡಂ. ಕೈಯಲ್ಲಿ ಪೆನ್ಸಿಲ್ ಹಿಡಿದು ಎದ್ದು ಬಂದು ಮಾದರಿಯ ಮುಂದೆ ನಿಂತರು. ಪೆನ್ಸಿಲಿನ ತುದಿ ಕೆಳಗಿನಿಂದ ಮೇಲಕ್ಕೆ ಹೋಯಿತು. ಮತ್ತೆ ಮೇಲಿನಿಂದ ಕೆಳಕ್ಕೆ ಬಂತು.

"ಭಾಟಿಯಾ ಜಿ, ನಕ್ಷೆಯಲ್ಲಿ ಹದಿನೆಂಟಿದೆ. ಇಲ್ಲಿ ಹತ್ತೊಂಬತ್ತು."

ಸಾಹೇಬರು ನಕ್ಕರು. ನೆಲದ್ದೂ ಸೇರಿ ಹದಿನೆಂಟೇ ಮೇಡಂ ಎಂದರು. 'ನೆಲದ್ದೂ ಸೇರಿ' ಎಂಬ ಮಾತು ಕಿವಿಗೆ ಬಿದ್ದಾಗ ಪೀಠಕ್ಕೆ ಅಂಟಿಕೊಂಡಿದ್ದ ಆ ಒಂದು ತಟ್ಟೆ ನನಗೆ ನೆನಪಾಯಿತು. ಅವರು ತಾವೇ ಎಣಿಸತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ನಗು ಹೋಗಿತ್ತು. ಎಣಿಸಿ ಮುಗಿಸಿ ನನ್ನ ಕಡೆ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ.

ಮೂಲೆಯಲ್ಲಿದ್ದ ಸದಸ್ಯರೊಬ್ಬರು, ಮೊದಲು ಇಪ್ಪತ್ತೆರಡು ಕೇಳಿದ್ದರಲ್ಲ, ಈಗ ಒಂದೊಂದಾಗಿ ಸದ್ದಿಲ್ಲದೆ ಏರಿಸುತ್ತಿದ್ದಾರೇನೋ ಎಂದರು. ಯಾರೋ ನಕ್ಕರು. ಸಾಹೇಬರ ಕಿವಿ ಕೆಂಪಾಯಿತು. ಸ್ಪಷ್ಟನೆ ಬರುವವರೆಗೆ ವಿಷಯವನ್ನು ಮುಂದೂಡಲಾಗಿದೆ ಎಂದು ಸಮಿತಿಯವರು ಬರೆದುಕೊಂಡರು. ದೆಹಲಿಯಲ್ಲಿ ಒಂದು ಕಟ್ಟಡ ನಿಲ್ಲಿಸಬೇಕೆಂದರೆ ಜನ ಕೋರ್ಟಿಗೆ ಹೋಗುತ್ತಾರೆ, ಧರಣಿ ಕೂರುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ, ಅಷ್ಟೇ ಸಾಕಾಯಿತು.

ಹೊರಗಿನ ಕಾರಿಡಾರಿನಲ್ಲಿ ಎಲ್ಲವನ್ನೂ ಹೇಳಿದೆ. ಮೆಟ್ರೋ, ಆಟೋ, ಅಪ್ಪುಗೆ, ಮಂಚದ ಕೆಳಗಿನ ಬೋರ್ಡು. ಸಾಹೇಬರು ಪೂರ್ತಿ ಕೇಳಿಸಿಕೊಂಡರು.

"ರೇಖಾ ಜಿ, ಒಳಗೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಅವರು ಹಿಂದಿರುಗಿ ಹೋಗಿ ಬಾಗಿಲು ತಟ್ಟಿದರು. ಒಳಗೆ ಬೇರೆ ಯಾರದೋ ವಿಷಯ ಶುರುವಾಗಿತ್ತು. ಮುಂದಿನ ಸಭೆಗೆ ಬನ್ನಿ ಎಂದರಂತೆ.

ಮುಂದಿನ ಸಭೆ ನಡೆಯಲಿಲ್ಲ. ಸಮಿತಿಯ ಅವಧಿ ಮುಗಿಯಿತು. ಹೊಸದಾಗಿ ಬಂದವರು ಫೈಲನ್ನು ಮೊದಲಿನಿಂದ ತನ್ನಿ ಎಂದರು. ಅಷ್ಟರಲ್ಲಿ ಜಾಗದ ಅಣ್ಣತಮ್ಮಂದಿರಿಗೆ ತಾಳ್ಮೆ ಹೋಗಿ, ಅದನ್ನು ಕಾರು ನಿಲ್ಲಿಸಲು ಬಾಡಿಗೆಗೆ ಕೊಟ್ಟರು. ಸಾಹೇಬರು ನನ್ನನ್ನು ಬೈಯಲಿಲ್ಲ. ಈ ಊರಿನಲ್ಲಿ ಅದು ಬೇರೆ ಯಾವುದಾದರೂ ಕಾರಣಕ್ಕೆ ನಿಂತೇ ನಿಲ್ಲುತ್ತಿತ್ತು ಎಂದು ಒಂದು ದಿನ ಚಹಾ ಕುಡಿಯುವಾಗ ತಾವಾಗಿಯೇ ಹೇಳಿದರು. ಅದನ್ನು ನಂಬಲು ನಾನು ತುಂಬ ಪ್ರಯತ್ನಪಟ್ಟಿದ್ದೇನೆ. ವರ್ಷ ತುಂಬುವುದರೊಳಗೆ ಅವರು ಆಫೀಸು ಮುಚ್ಚಿ, ಪುಣೆಯ ಮಗಳ ಮನೆಗೆ ಹೋದರು.

ಆ ನಡುವೆ, ಮನಸ್ಸು ತಡೆಯದೆ ನಾನು ಸಮಿತಿಗೆ ಒಂದು ಪತ್ರ ಬರೆದಿದ್ದೆ. ಕೆಳಗೆ ಸಹಿ ಮಾಡಿರುವ ನಾನು, ಸದರಿ ಮಾದರಿಯ ಹತ್ತೊಂಬತ್ತನೆಯ ಮಹಡಿಗೆ ಸಂಪೂರ್ಣ ಜವಾಬ್ದಾರಳಾಗಿದ್ದು, ಆರ್ಕಿಟೆಕ್ಟರದು ಇದರಲ್ಲಿ ಯಾವ ತಪ್ಪೂ ಇಲ್ಲವೆಂದು ಪ್ರಮಾಣಪೂರ್ವಕವಾಗಿ ತಿಳಿಸುತ್ತೇನೆ ಎಂದು. ಬಹಳ ತಿಂಗಳ ನಂತರ ಮನೆಗೆ ಲಕೋಟೆ ಬಂತು. ಹತ್ತೊಂಬತ್ತನೆಯ ಮಹಡಿಯನ್ನು ಕುರಿತ ತಮ್ಮ ಅರ್ಜಿ ತಲುಪಿದೆ, ಅದು ಪರಿಶೀಲನೆಯಲ್ಲಿದೆ, ತೀರ್ಮಾನವನ್ನು ತಿಳಿಸಲಾಗುವುದು ಎಂದಿತ್ತು.

ಪುಣೆಗೆ ಫೋನ್ ಮಾಡಿ ಓದಿ ಹೇಳಿದೆ. ಸಾಹೇಬರು ಬಹಳ ಹೊತ್ತು ನಕ್ಕರು.

ಅವರ ಹದಿನೆಂಟು ಮಹಡಿಗಳ ಫೈಲು ಮುಚ್ಚಿ ಎಷ್ಟೋ ಕಾಲವಾಯಿತು. ದೆಹಲಿಯ ನಡುಮಧ್ಯೆ, ಕೆಳಗೆ ಏನೂ ಇಲ್ಲದೆ, ನನ್ನದೊಂದೇ ಮಹಡಿ ಈಗಲೂ ಪರಿಶೀಲನೆಯಲ್ಲಿದೆ.