ಇಳಿಜಾರಿದ್ದಲ್ಲಿ ನೆಂಟಸ್ತಿಕೆ

ಕೆಲವರು ಪ್ರೀತಿ ನೋಡಿ ನೆಂಟಸ್ತಿಕೆ ಉಳಿಸಿಕೊಳ್ಳುತ್ತಾರೆ, ಕೆಲವರು ಆಸ್ತಿ ನೋಡಿ. ನಮ್ಮ ಮನೆಯಲ್ಲಿ ಮಾತ್ರ ನೆಂಟರ ಮನೆ ಮುಂದಿನ ರಸ್ತೆಯ ಇಳಿಜಾರು ನೋಡಿ. ಇದಕ್ಕೆ ಕಾರಣ ನಮ್ಮ ಯಜಮಾನರ ಹಳೇ ಡೀಸೆಲ್ ಜೀಪು. ಅದರ ಸೆಲ್ಫು ಸತ್ತು ಹೋಗಿದೆ. ಕೀಲಿ ತಿರುಗಿಸಿದರೆ ಕೆಮ್ಮುವುದೂ ಇಲ್ಲ. ಇಳಿಜಾರಿನಲ್ಲಿ ಉರುಳಿಬಿಟ್ಟರೆ ಮಾತ್ರ ಚಾಲೂ ಆಗುತ್ತದೆ. ಮಧುಗಿರಿ ಬೆಟ್ಟದ ಬುಡದಲ್ಲೇ ನಮ್ಮ ಮನೆ ಇರುವುದರಿಂದ ಹೊರಡುವುದಕ್ಕೆ ತಾಪತ್ರಯವಿಲ್ಲ. ಹೋದ ಕಡೆ ನಿಲ್ಲಿಸುವುದೇ ತಾಪತ್ರಯ. ಹೊಳವನಹಳ್ಳಿಯ ನಾದಿನಿಯ ಮನೆ ಸಮತಟ್ಟಾದ ಬೀದಿಯಲ್ಲಿದೆ. ಆ ಒಂದೇ ಅಪರಾಧಕ್ಕೆ ಆಕೆಯ ಗೃಹಪ್ರವೇಶಕ್ಕೂ ನಾವು ಹೋಗಲಿಲ್ಲ. ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನವನ್ನು ನಾವು ಪಾಳಿಯ ಮೇಲೆ ಮಾಡುತ್ತೇವೆ. ನಾನು ಒಳಗೆ ಹೋದಾಗ ಅವರು ಗುಡುಗುಡು ಎನ್ನುವ ಜೀಪಿನಲ್ಲಿ ಕೂತಿರುತ್ತಾರೆ, ಅವರು ಹೋದಾಗ ನಾನು. ದಂಪತಿ ಸಮೇತ ಕೈಮುಗಿಯುವ ಯೋಗ ನಮಗಿಲ್ಲ.

ಶಿರಾದ ಮೆಕ್ಯಾನಿಕ್ ಸಾಹೇಬರು ಬಾನೆಟ್ಟು ಎತ್ತಿ ನೋಡಿ, "ಸೆಲ್ಫ್ ಪೂರಾ ಖತಂ ಸಾರ್, ಹೊಸಾದು ಹಾಕ್ಸಿಬುಡಿ" ಎಂದಿದ್ದರು. ಯಜಮಾನರು ನಕ್ಕುಬಿಟ್ಟರು. ಅವರ ಪ್ರಕಾರ ಸೆಲ್ಫು ಎನ್ನುವುದು ಎಂಜಿನ್ನಿನ ಅಂಗವೇ ಅಲ್ಲ, ಬರೀ ಅಲಂಕಾರ. ಈ ಕುರಿತು ನನಗೆ ಊಟದ ಹೊತ್ತಿಗೆ ತಪ್ಪದೆ ಪಾಠವಾಗುತ್ತದೆ. ಚೊಂಬು ಸಿಲಿಂಡರು, ಅದರೊಳಗೆ ಮೇಲೆ ಕೆಳಗೆ ಆಡುವ ಲೋಟ ಪಿಸ್ಟನ್ನು.

"ಪೆಟ್ರೋಲಿಗೆ ಕಿಡಿ ಬೇಕು ಕಣೇ, ಡೀಸೆಲ್ಲು ಸ್ವಾಭಿಮಾನಿ. ಪಿಸ್ಟನ್ನು ಕೆಳಗಿಳಿದು ಗಾಳಿ ಎಳ್ಕೊಳ್ಳುತ್ತೆ, ಮೇಲೆ ಬಂದು ಅದನ್ನ ಒತ್ತುತ್ತೆ. ಒತ್ತಿದ ಗಾಳಿ ಕೆಂಡದ ಹಾಗೆ ಕಾಯುತ್ತೆ. ಆಗ ಇಂಜೆಕ್ಟರು ಸಣ್ಣಗೆ ಡೀಸೆಲ್ ಎರಚುತ್ತೆ. ತಾನಾಗೇ ಹೊತ್ಕೊಂಡು ಪಿಸ್ಟನ್ನನ್ನ ಕೆಳಕ್ಕೆ ದಬ್ಬುತ್ತೆ. ಆ ದಬ್ಬೋದನ್ನ ಕ್ರ್ಯಾಂಕ್‌ಶಾಫ್ಟು ಅನ್ನೋ ಡೊಂಕು ಕಂಬಿ ಸುತ್ತಾಗಿ ಬದಲಾಯಿಸುತ್ತೆ. ಕೊನೆಗೆ ಹೊಗೆ ಹೊರಕ್ಕೆ."

ಹೊಗೆ ಎಲ್ಲಿಗೆ ಹೋಗುತ್ತದೆಂದು ನನಗೆ ಹೇಳಿಕೊಡಬೇಕಿಲ್ಲ, ನಾನು ಒಣಹಾಕಿದ ಸಂಡಿಗೆಯ ಮೇಲೆ. ಒತ್ತಿ ಒತ್ತಿ ಇಟ್ಟರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತದೆ ಎನ್ನುವುದೂ ಸಂಸಾರಸ್ಥೆಯಾದ ನನಗೆ ಹೊಸದಲ್ಲ. ಒಮ್ಮೆ ಮಾತ್ರ ಕೇಳಿದೆ, "ಆ ಮೊದಲನೇ ಸುತ್ತು ಯಾರ್ರೀ ತಿರುಗಿಸ್ತಾರೆ?" "ಸೆಲ್ಫು" ಎಂದವರೇ ಲೋಟವನ್ನು ಚೊಂಬಿನೊಳಗೇ ಬಿಟ್ಟು ಎದ್ದು ಹೋದರು.

ಹೀಗಿರುವಾಗ ಮಗಳು ನಂದಿನಿಗೆ ಬಲಸಮುದ್ರದ ಸಂಬಂಧ ಬಂತು. ಹುಡುಗ ಮಂಜುನಾಥ ಅಲ್ಲೇ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದ. ನಂದಿನಿ ಅವನನ್ನು ಆಗಲೇ ಮೆಚ್ಚಿಕೊಂಡಿದ್ದಳು. ಮೂಗು ಮುರಿಯುತ್ತಲೇ ಬಂದಿದ್ದ ಹುಡುಗಿ ಮೊದಲ ಸಲ ಯಾರನ್ನೋ ಮೆಚ್ಚಿದ್ದಳು. ಪದ್ಧತಿಯಂತೆ ನಾವಿಬ್ಬರೂ ಹುಡುಗನ ಮನೆ ನೋಡಲು ಹೋಗಬೇಕಿತ್ತು. ಅವರ ಒಪ್ಪಿಗೆಯೂ ಅವತ್ತೇ ಗೊತ್ತಾಗುವುದಿತ್ತು. "ಅಮ್ಮಾ, ಬಸ್ಸಿಗೆ ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ನಂದಿನಿ. ಬೀಗರ ಮನೆಗೆ ಬಸ್ಸಿನಲ್ಲಿ ಹೋದರೆ ಯಜಮಾನರ ಗೌರವ ಏನಾಗಬೇಕು?

ಪಾವಗಡ ದಾಟಿದ ಮೇಲೆ ಬಲಸಮುದ್ರದ ಕಡೆಯ ನೆಲ ರೊಟ್ಟಿ ತಟ್ಟಿದ ಹಾಗಿದೆ. ಎತ್ತ ನೋಡಿದರೂ ಬಿಸಿಲಿಗೆ ಮುಖವೊಡ್ಡಿದ ಸೋಲಾರ್ ಹಲಗೆಗಳು. ಇಡೀ ಸೀಮೆ ಸದ್ದಿಲ್ಲದೆ ಕರೆಂಟು ಮಾಡುತ್ತಿರುವಾಗ ನಾವು ಹೊಗೆ ಬಿಡುತ್ತಾ ಹೋಗಿ ಇಳಿದೆವು. ನಾನು ಮನೆ ನೋಡಿದೆ, ನೀರಿನ ತೊಟ್ಟಿ ನೋಡಿದೆ, ಹುಡುಗನ ತಾಯಿಯ ನಗು ನೋಡಿದೆ. ಯಜಮಾನರು ರಸ್ತೆ ನೋಡಿ ಬಿಳಿಚಿಕೊಂಡರು. ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, "ಡೀಸೆಲ್ ಎಂಜಿನ್ನನ್ನ ತಕ್ಷಣ ನಿಲ್ಲಿಸಬಾರದು, ನೋಡಿ" ಎಂದು ಬೀಗರಿಗೆ ಗಂಭೀರವಾಗಿ ಹೇಳಿ ಒಳಬಂದರು.

ಕೇಸರಿಭಾತು ಬಾಯಿಗಿಡುವಷ್ಟರಲ್ಲಿ ಹೊರಗೆ ಸದ್ದು ನಿಂತಿತು. ಹುಡುಗನ ತಂದೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು.

"ಡೀಸೆಲ್ಲು ಸುಮ್ನೆ ಉರೀತೈತೆ ಅಂತ ನಾನೇ ಸ್ಟಾಪು ಗುಂಡಿ ಎಳ್ದುಬುಟ್ಟೆ ಸ್ವಾಮಿ. ನಮ್ಮ ಬಾವಿ ಮ್ಯಾಲೆ ಡೀಸೆಲ್ ಪಂಪ್‌ಸೆಟ್ ಇತ್ತು, ನಂಗೆಲ್ಲಾ ಗೊತ್ತೈತೆ."

ಉಪಚಾರವೆಂದರೆ ಇದು. ಯಜಮಾನರ ಮುಖ ನೋಡಿ ಗಾಬರಿಯಾದ ಬೀಗರಿಗೆ ನಾನೇ ಸೆಲ್ಫಿನ ಸತ್ಯ ಹೇಳಬೇಕಾಯಿತು. ನನಗಂತೂ ಅಳು ಬಂತು. ಒಂದು ಸೆಲ್ಫು ಹಾಕಿಸಲಾರದವರ ಮಗಳನ್ನು ಯಾರು ತಂದುಕೊಂಡಾರು? ನಂದಿನಿಗೆ ಏನೆಂದು ಹೇಳಲಿ?

"ಪರವಾಲೇದಮ್ಮಾ, ನೂಕಾನ ಬುಡಿ" ಎಂದರು ಹುಡುಗನ ತಂದೆ. ಮಂಜುನಾಥ, ಅವನ ತಂದೆ, ಕೇಸರಿಭಾತು ಅರ್ಧಕ್ಕೆ ಬಿಟ್ಟ ಯಜಮಾನರು ಹಿಂದೆ ನಿಂತರು. ರೇಷ್ಮೆ ಸೀರೆಯ ನಾನು ಸ್ಟೇರಿಂಗಿನ ಹಿಂದೆ. "ಸೆಕೆಂಡ್ ಗೇರು! ಕ್ಲಚ್ ಒತ್ತು! ಈಗ ಬಿಡು!" ಎಂದು ಯಜಮಾನರು ಹಿಂದಿನಿಂದ ಕೂಗಿದರು. ಬಿಟ್ಟೆ. ಜೀಪು ಒಮ್ಮೆ ಕುಪ್ಪಳಿಸಿ ಹೊತ್ತಿಕೊಂಡಿತು. ಕಪ್ಪು ಹೊಗೆಯಲ್ಲಿ ನನ್ನ ಭಾವೀ ಅಳಿಯ ಕಾಣದಾದ. ನಿಲ್ಲಿಸಿದರೆ ಎಲ್ಲಿ ಆರಿಹೋದೀತೋ ಎಂದು ನಾನು ಅವರ ಅಂಗಳಕ್ಕೇ ಸುತ್ತು ಹೊಡೆಯತೊಡಗಿದೆ. ಪ್ರತಿ ಸುತ್ತಿಗೂ ಹುಡುಗನ ತಾಯಿ ಬಾಗಿಲಲ್ಲಿ ನಿಂತು ಏನೋ ಕೂಗುತ್ತಿದ್ದರು, ಎಂಜಿನ್ನಿನ ಆರ್ಭಟದಲ್ಲಿ ಒಂದೂ ಕೇಳಲಿಲ್ಲ. ಬಯ್ಯುತ್ತಿದ್ದಾರೆಂದೇ ತಿಳಿದು ತಲೆ ತಗ್ಗಿಸಿದೆ. ಯಜಮಾನರು ಓಡುತ್ತಾ ಬಂದು ಪಕ್ಕಕ್ಕೆ ಹತ್ತಿಕೊಂಡ ಮೇಲೆ, ಆಕೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ್ದು ಕೊನೆಗೂ ಕೇಳಿಸಿತು: "ನಮ್ಗೆ ಒಪ್ಗೆ ಕಣಮ್ಮಾ! ಲಗ್ನ ಇಟ್ಕೊಳ್ಳಿ!"

ದಾರಿಯುದ್ದಕ್ಕೂ ಯಜಮಾನರು ತಮ್ಮ ಎಂಜಿನ್ನು ಒಂದೇ ನೂಕಿಗೆ ಹೊತ್ತಿಕೊಂಡದ್ದನ್ನು ನೋಡಿಯೇ ಅವರು ಒಪ್ಪಿದ್ದೆಂದು ವಿವರಿಸಿದರು. ಈ ಮನುಷ್ಯನ ಕೈಗೆ ಮದುವೆಯ ಏರ್ಪಾಡು ಕೊಡಬಾರದೆಂದು ಮನಸ್ಸಿನಲ್ಲೇ ಶಪಥ ಮಾಡಿ, ಮರುವಾರ ನಾನೊಬ್ಬಳೇ ಬಸ್ಸಿನಲ್ಲಿ ಕೊರಟಗೆರೆಗೆ ಹೋಗಿ ಛತ್ರ ನೋಡಿದೆ. ಮ್ಯಾನೇಜರು ಊಟದ ಹಾಲ್ ತೋರಿಸಿದ, ವಧುವಿನ ಕೋಣೆ ತೋರಿಸಿದ, ನೀರಿಗೆ ತೊಂದರೆಯಿಲ್ಲ ಎಂದ. ಎಲ್ಲಕ್ಕೂ ತಲೆಯಾಡಿಸಿದೆ.

"ಇನ್ನೇನಾದ್ರೂ ಕೇಳೋದೈತಾ ಮೇಡಂ?" ಎಂದ.

"ಎಲ್ಲಾ ಚೆನ್ನಾಗಿದೆ, ಆದರೆ ಬಾಗಿಲ ಮುಂದೆ ರಸ್ತೆ ಒಂಚೂರೂ ಇಳಿಜಾರಿಲ್ಲವಲ್ಲಪ್ಪಾ" ಎಂದುಬಿಟ್ಟೆ.